ಅಂಗೈಯಗಲದ ಚಿತ್ರಗಳು: ಜಪಾನಿನ ಹಳೆಯ ಪೋಸ್ಟ್‌ಕಾರ್ಡುಗಳ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಜಪಾನಿನ ಹಳೆಯ ಚಿತ್ರ ಪೋಸ್ಟ್‌ಕಾರ್ಡುಗಳನ್ನು ಬಣ್ಣದಲ್ಲಿ ಅಚ್ಚು ಹಾಕಿದ್ದೆವು. ಎಲ್ಲವೂ 1900ರಿಂದ 1930ರ ಆಸುಪಾಸಿನವು. ಅವನ್ನು ನೋಡಿ ಬರೆದವರಲ್ಲಿ ಕೆಲವರ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡುತ್ತಿದ್ದೇನೆ.

ಪ್ರಶ್ನೆ: ಕಾರ್ಡುಗಳು ಚೆನ್ನಾಗಿವೆ, ಒಪ್ಪಿದೆ. ಆದರೆ ಪೋಸ್ಟ್‌ಕಾರ್ಡ್ ಅಂದರೆ ಪೋಸ್ಟ್‌ಕಾರ್ಡೇ ಅಲ್ವಾ? ಅದನ್ನು ಕಲೆ ಅನ್ನುವುದು ಸ್ವಲ್ಪ ಜಾಸ್ತಿ ಆಯಿತು. (ಹಾಸನ)

ಜಾಸ್ತಿ ಆಗಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ಜಪಾನಿನಲ್ಲಿ 1873ರಿಂದಲೇ ಅಂಚೆ ಕಾರ್ಡ್ ಇತ್ತು. ಆದರೆ ಅದು ಸರ್ಕಾರವೇ ಅಚ್ಚು ಹಾಕಿ ಮಾರುತ್ತಿದ್ದ ಬೋಳು ಕಾರ್ಡ್. 1900ರ ಅಕ್ಟೋಬರ್ 1ರಿಂದ ಕಾನೂನು ಬದಲಾಯಿತು, ಖಾಸಗಿಯವರೂ ಕಾರ್ಡ್ ಅಚ್ಚು ಹಾಕಬಹುದು, ಅಂಚೆಚೀಟಿ ಅಂಟಿಸಿ ಕಳಿಸಬಹುದು ಅಂತಾಯಿತು. ಆ ತಿಂಗಳೇ ಮಕ್ಕಳ ಪತ್ರಿಕೆಯೊಂದು ಇಬ್ಬರು ಹುಡುಗರು ಸೋಪಿನ ಗುಳ್ಳೆ ಊದುತ್ತಿರುವ ಚಿತ್ರದ ಕಾರ್ಡನ್ನು ಸಂಚಿಕೆಯ ಜೊತೆ ಹಂಚಿತು.

ಈ ಕಾನೂನು ಬಂದ ಕಾಲವನ್ನು ಗಮನಿಸಿ. ಉಕಿಯೊ-ಎ ಎಂಬ ಮರದಚ್ಚಿನ ಚಿತ್ರಗಳ ಮಾರುಕಟ್ಟೆ ಬಿದ್ದುಹೋಗಿತ್ತು. ಫೋಟೋ ಬಂದಿತ್ತು, ಕಲ್ಲಚ್ಚು ಬಂದಿತ್ತು. ತಲೆಮಾರುಗಳಿಂದ ಮರ ಕೆತ್ತಿದವರಿಗೆ, ಬಣ್ಣ ಒತ್ತಿದವರಿಗೆ ಕೆಲಸ ಕಡಿಮೆಯಾಗಿತ್ತು. ಇನ್ನೊಂದು ಕಡೆ, ಪ್ಯಾರಿಸ್ಸಿಗೆ ಹೋಗಿ ತೈಲಚಿತ್ರ ಕಲಿತು ಬಂದ ಹೊಸ ಕಲಾವಿದರಿದ್ದರು, ಅವರ ದೊಡ್ಡ ಕ್ಯಾನ್ವಾಸುಗಳನ್ನು ಕೊಳ್ಳುವವರು ಊರಲ್ಲಿ ಬೆರಳೆಣಿಕೆಯಷ್ಟು ಜನ. ಕೈ ಪಳಗಿದ ಕುಶಲಕರ್ಮಿಗಳು ಮತ್ತು ಹೊಸದನ್ನು ತಂದ ಕಲಾವಿದರು ಒಟ್ಟಿಗೆ ಸೇರಿದ ಜಾಗಗಳಲ್ಲಿ ಈ ಸುಮಾರು 9 ಸೆಂಟಿಮೀಟರ್ ಅಗಲ, 14 ಸೆಂಟಿಮೀಟರ್ ಉದ್ದದ ಕಾರ್ಡ್ ಮುಖ್ಯವಾದದ್ದು. ದೊಡ್ಡ ಕಲಾವಿದರು ಹೊಟ್ಟೆಪಾಡಿಗೆ ಸಣ್ಣ ಕೆಲಸಕ್ಕೆ ಇಳಿದರು ಅಂತ ಕೆಲವರು ಬರೆಯುತ್ತಾರೆ. ನನಗೆ ಅದು ಸರಿ ಅನಿಸುವುದಿಲ್ಲ. ಆ ಇಪ್ಪತ್ತು ಮೂವತ್ತು ವರ್ಷ ಜಪಾನಿನ ಚಿತ್ರಕಲೆಯಲ್ಲಿ ಹೊಸ ಪ್ರಯೋಗ ಎಷ್ಟೋ ಸಲ ಮೊದಲು ಕಾಣಿಸಿಕೊಂಡದ್ದು ಕಾರ್ಡಿನ ಮೇಲೆ. ಪ್ರದರ್ಶನಕ್ಕೆ ಕಾಲಿಡದ ಜನ ಕೂಡ ಅದನ್ನು ಅಂಗಡಿಯಲ್ಲಿ ಆರಿಸಿ ಕೊಂಡುಕೊಳ್ಳುತ್ತಿದ್ದರು. ಕಳಿಸುವ ಖರ್ಚು ಒಂದೂವರೆ ಸೆನ್ (ನೂರು ಸೆನ್‌ಗೆ ಒಂದು ಯೆನ್). 1899ರಿಂದ 1937ರವರೆಗೂ ಈ ದರ ಬದಲಾಗಲೇ ಇಲ್ಲ.

ಆ ಹುಚ್ಚು ಎಷ್ಟಿತ್ತು ಅನ್ನುವುದಕ್ಕೆ ನತ್ಸುಮೆ ಸೊಸೆಕಿಯವರ 'ನಾನು ಬೆಕ್ಕು' ಕಾದಂಬರಿಯನ್ನು ನೋಡಬಹುದು. ಅದರ ಎರಡನೇ ಅಧ್ಯಾಯ 1905ರಲ್ಲಿ ಬಂತು. ಹೊಸವರ್ಷದ ದಿನ ಮನೆಯ ಯಜಮಾನನಿಗೆ ಚಿತ್ರಕಾರ ಗೆಳೆಯನಿಂದ ಒಂದು ಕಾರ್ಡ್ ಬರುತ್ತದೆ. ಅದರಲ್ಲಿರುವುದು ಅವನದೇ ಬೆಕ್ಕು. ಅವನು ಕಾರ್ಡನ್ನು ಆ ಕಡೆ ತಿರುಗಿಸಿ ಈ ಕಡೆ ತಿರುಗಿಸಿ ನೋಡುತ್ತಾನೆ, ಗುರುತೇ ಸಿಗುವುದಿಲ್ಲ, ಬೆಕ್ಕಿಗೋ ಸಿಟ್ಟು. ಸೊಸೆಕಿ ಸ್ವತಃ ಆ ದಿನಗಳಲ್ಲಿ ಜಲವರ್ಣದಲ್ಲಿ ಕಾರ್ಡ್ ಬರೆದು ಸ್ನೇಹಿತರಿಗೆ ಕಳಿಸುತ್ತಿದ್ದರು.

ಪ್ರಶ್ನೆ: ಕೆಲವು ಕಾರ್ಡ್ ನೋಡಿದರೆ ಯುರೋಪಿನವರು ಬರೆದ ಹಾಗಿದೆ. ಬಳ್ಳಿಯಂತೆ ಹರಿಯುವ ಕೂದಲು, ಹೂವಿನ ಚೌಕಟ್ಟು. ಸುಮ್ನೆ ನಕಲು ಮಾಡಿದ್ದಾ? (ಮಂಗಳೂರು)

ನಕಲು ಅಂದರೆ ಕಥೆಯ ಅರ್ಧ ಮಾತ್ರ ಹೇಳಿದಂತಾಗುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜಪಾನಿನ ಮರದಚ್ಚಿನ ಚಿತ್ರಗಳು ಯುರೋಪಿಗೆ ರಾಶಿ ರಾಶಿ ಹೋದವು. ನೆರಳಿಲ್ಲದ ಸಪಾಟು ಬಣ್ಣ, ಗಟ್ಟಿ ಅಂಚುಗೆರೆ, ಚಿತ್ರದ ಮೂಲೆಗೆ ಸರಿದ ವಸ್ತು, ದೊಡ್ಡದಾಗಿ ಬಿಟ್ಟ ಖಾಲಿ ಜಾಗ: ಇದನ್ನೆಲ್ಲ ನೋಡಿ ಅಲ್ಲಿನವರು ಕಲಿತರು. ಅದರಿಂದ ಬೆಳೆದ ಶೈಲಿಗಳಲ್ಲಿ ಒಂದು ಆರ್ಟ್ ನುವೊ, ನೀವು ಹೇಳಿದ ಬಳ್ಳಿಯಂಥ ಕೂದಲು, ಹೂವಿನ ಚೌಕಟ್ಟು ಅದರದ್ದೇ. 1900ರ ಪ್ಯಾರಿಸ್ ಮಹಾಪ್ರದರ್ಶನದ ಹೊತ್ತಿಗೆ ಜಪಾನಿನ ಚಿತ್ರಕಾರ ಅಸಾಯ್ ಚೂ ಅಲ್ಲಿಗೆ ಹೋದರು. 1902ರಲ್ಲಿ ವಾಪಸು ಬಂದು ಕ್ಯೋತೋದಲ್ಲಿ ವಿನ್ಯಾಸ ಕಲಿಸಿದರು. ಇನ್ನೊಬ್ಬ ಚಿತ್ರಕಾರ ಫುಜಿಶಿಮಾ ತಾಕೆಜಿ 'ಮ್ಯೋಜೋ' ಎಂಬ ಕಾವ್ಯ ಪತ್ರಿಕೆಗೆ ಅದೇ ಶೈಲಿಯಲ್ಲಿ ಬರೆದರು. ಅಂದರೆ ಅವರು ತಂದದ್ದರಲ್ಲಿ ತಮ್ಮ ಅಜ್ಜಂದಿರ ಕೈಗುಣವೂ ಸೇರಿತ್ತು. ಹಾಗಾಗಿಯೇ ಅದು ಅಷ್ಟು ಬೇಗ ಮೈಗೆ ಹತ್ತಿತು ಅಂತ ನನ್ನ ಅಂದಾಜು.

ಪ್ರಶ್ನೆ: ನಮ್ಮದು ಅಚ್ಚಿನ ಕೆಲಸದ ಮನೆ. ಈ ಕಾರ್ಡುಗಳನ್ನು ಯಾವ ವಿಧಾನದಲ್ಲಿ ಅಚ್ಚು ಹಾಕುತ್ತಿದ್ದರು? ನೋಡಿ ಗುರುತಿಸಬಹುದಾ? (ಗದಗ)

ಇಂಥ ಪ್ರಶ್ನೆ ಗದಗಿನಿಂದ ಬಂದದ್ದು ಖುಷಿ. ಒಂದು ಒಳ್ಳೆಯ ಭೂತಗನ್ನಡಿ ಇದ್ದರೆ ಗುರುತಿಸಬಹುದು.

ಮರದಚ್ಚಿನಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಹಲಗೆ. ಬಣ್ಣ ಕಾಗದದ ಒಳಗೆ ಇಳಿದಿರುತ್ತದೆ, ಮೇಲೆ ಕೂತಿರುವುದಿಲ್ಲ. ಅಗಲವಾದ ಬಣ್ಣದ ಜಾಗದಲ್ಲಿ ಕೆಲವೊಮ್ಮೆ ಮರದ ಎಳೆ ಕಾಣುತ್ತದೆ. ಕೈಯಿಂದ ಒತ್ತಿದ ಗೆರೆ ಬೆರಳಿಗೂ ತಾಗಬಹುದು. ಕಲ್ಲಚ್ಚು ಬೇರೆ. ಅಲ್ಲಿ ನುಣುಪು ಬಣ್ಣವನ್ನು ಕೈಯಿಂದ ಇಟ್ಟ ಚುಕ್ಕಿಗಳಿಂದ ತರುತ್ತಿದ್ದರು, ಭೂತಗನ್ನಡಿಯಲ್ಲಿ ನೋಡಿದರೆ ಚುಕ್ಕಿಗಳು ಒಂದಕ್ಕೊಂದು ಸಮ ಇರುವುದಿಲ್ಲ, ಒಂದು ಕಡೆ ದಟ್ಟ, ಇನ್ನೊಂದು ಕಡೆ ವಿರಳ. ಫೋಟೋ ಕಾರ್ಡುಗಳಿಗೆ ಹೆಚ್ಚಾಗಿ ಕೊಲೊಟೈಪ್. ಗಾಜಿನ ಮೇಲೆ ಜೆಲಾಟಿನ್ ಪದರ ಬಳಿದು ಮಾಡುವ ಅಚ್ಚು ಅದು, ಚುಕ್ಕಿಯೇ ಕಾಣುವುದಿಲ್ಲ, ಸುಕ್ಕಿನಂಥ ಸಣ್ಣ ಎಳೆ ಮಾತ್ರ. ಆಮೇಲೆ ಕೂತು ಒಂದೊಂದೇ ಕಾರ್ಡಿಗೆ ಕೈಯಿಂದ ಬಣ್ಣ ಹಚ್ಚುತ್ತಿದ್ದರು. ಸಾಲಾಗಿ ಒಂದೇ ಅಳತೆಯಲ್ಲಿ ಚುಕ್ಕಿಗಳಿದ್ದರೆ ಅದು ಫೋಟೋ ತೆಗೆದು ಜಾಲರಿಯ ಮೂಲಕ ಮಾಡಿದ ಅಚ್ಚು.

ನನಗೆ ತುಂಬ ಇಷ್ಟವಾಗುವುದು ಬಣ್ಣವೇ ಇಲ್ಲದ ಅಚ್ಚು. ಮಸಿ ಹಾಕದೆ ಖಾಲಿ ಹಲಗೆಯನ್ನು ಒತ್ತಿ ಕಾಗದವನ್ನು ಉಬ್ಬಿಸುವುದು. ಬಿಳಿ ಕಿಮೋನೋದ ಮೇಲೆ ಬಿಳಿ ಹೂವು ಇರುತ್ತದೆ, ಕಾರ್ಡನ್ನು ಬೆಳಕಿಗೆ ಓರೆ ಮಾಡಿದರೆ ಮಾತ್ರ ಕಾಣುತ್ತದೆ. ನಮ್ಮ ಪುಟದಲ್ಲಿ ಇದು ಮೂಡಲಿಲ್ಲ. ಫೋಟೋದಲ್ಲಿ ಇದನ್ನು ಹಿಡಿಯುವುದೇ ಕಷ್ಟ.

ಪ್ರಶ್ನೆ: ಕಲಾವಿದರ ಪೈಕಿ ಯಾರನ್ನು ಮೊದಲು ನೋಡಬೇಕು? (ಶಿವಮೊಗ್ಗ)

ತಾಕೆಹಿಸಾ ಯುಮೆಜಿ (1884–1934). ಯಾವ ಕಲಾಶಾಲೆಯಲ್ಲೂ ಕ್ರಮವಾಗಿ ಕಲಿತವರಲ್ಲ. ದೊಡ್ಡ ಕಣ್ಣು, ಬಾಗಿದ ಕತ್ತು, ಏನೋ ಯೋಚನೆಯಲ್ಲಿರುವ ಹೆಂಗಸರು ಅವರ ಗುರುತು. 1914ರಲ್ಲಿ ತೋಕ್ಯೋದ ನಿಹೊನ್‌ಬಾಶಿಯಲ್ಲಿ 'ಮಿನಾತೋಯಾ' ಅಂತ ಅಂಗಡಿ ಶುರುವಾಯಿತು. ಕಾರ್ಡ್, ಪತ್ರದ ಹಾಳೆ, ಲಕೋಟೆ, ಬಣ್ಣದ ಕಾಗದ ಎಲ್ಲವೂ ಯುಮೆಜಿ ಮಾಡಿದ ವಿನ್ಯಾಸ. ಶಾಲೆಗೆ ಹೋಗುವ ಹುಡುಗಿಯರು ಅಲ್ಲಿಗೆ ಮುಗಿಬೀಳುತ್ತಿದ್ದರು.

ಆಮೇಲೆ ಕೊಬಾಯಾಶಿ ಕಾಯಿಚಿ (1896–1968). ಇವರ ಬಗ್ಗೆ ನಾನು ಒಂದು ಇಡೀ ಸಂಚಿಕೆ ಬರೆಯಬಲ್ಲೆ. ಕ್ಯೋತೋದವರು, ಕಿಮೋನೋ ಬಟ್ಟೆಗೆ ವಿನ್ಯಾಸ ಮಾಡುತ್ತಿದ್ದವರು. 1920ರ ದಶಕದಲ್ಲಿ ಅಲ್ಲಿನ ಶಿನ್‌ಕ್ಯೋಗೊಕು ಬೀದಿಯ ಸಕುರಾಯಿಯಾ ಅಂಗಡಿಗೆ ಕಾರ್ಡ್ ಮತ್ತು ಲಕೋಟೆ ಮಾಡಿಕೊಟ್ಟರು. ತೆಳ್ಳಗೆ ಉದ್ದವಾದ ಹೆಂಗಸರು, ಎಷ್ಟೋ ಕಾರ್ಡಿನಲ್ಲಿ ಅವರಿಗೆ ಕಣ್ಣು ಮೂಗು ಬಾಯಿ ಇಲ್ಲ. ಕಪ್ಪು, ಕೆಂಪು, ಬೂದು. ಗುಲಾಬಿ, ಶಿಲುಬೆ, ಇಸ್ಪೀಟ್ ಎಲೆ. ಮುಖವೇ ಇಲ್ಲದೆ ದುಃಖವನ್ನು ಹೇಗೆ ತೋರಿಸಿದರು ಅಂತ ನೋಡಿ: ಭುಜ ಇಳಿಬಿಟ್ಟ ರೀತಿ, ತಲೆ ಬಾಗಿದ ಕೋನ, ಅಷ್ಟೇ. ಬಟ್ಟೆಗೆ ವಿನ್ಯಾಸ ಮಾಡುವ ಕೈಗೆ ಖಾಲಿ ಜಾಗದ ಬೆಲೆ ಗೊತ್ತಿರುತ್ತದೆ. ಅವರು ತುಂಬ ವರ್ಷ ಮರೆತುಹೋಗಿದ್ದರು, ಈಚೆಗಷ್ಟೇ ಜನ ಮತ್ತೆ ಹುಡುಕುತ್ತಿದ್ದಾರೆ.

ನಗರದ ಹೊಳಪು ಬೇಕಾದರೆ ಸುಗಿಯುರಾ ಹಿಸುಯಿ, ಮಿತ್ಸುಕೋಶಿ ಎಂಬ ದೊಡ್ಡ ಮಳಿಗೆಯ ವಿನ್ಯಾಸಕಾರ. ವಿನೋದ ಬೇಕಾದರೆ ಓಸಾಕಾದ ಮಿಯಾತಾಕೆ ಗೈಕೊತ್ಸು 1907ರಿಂದ ಹೊರತಂದ 'ಎಹಗಾಕಿ ಸೆಕಾಯ್' ಪತ್ರಿಕೆ, ಅದರ ಪುಟಗಳನ್ನೇ ಕತ್ತರಿಸಿ ಕಾರ್ಡ್ ಮಾಡಿಕೊಳ್ಳಬಹುದಿತ್ತು.

ಪ್ರಶ್ನೆ: ನೀವು ಯುದ್ಧದ ಕಾರ್ಡುಗಳನ್ನು ಯಾಕೆ ಹಾಕಲಿಲ್ಲ? ಚೆಂದ ಇರುವುದನ್ನು ಮಾತ್ರ ತೋರಿಸಿದ್ದೀರಿ. (ಬೆಳಗಾವಿ)

ನ್ಯಾಯವಾದ ಪ್ರಶ್ನೆ. ಈ ಕಲೆ ಮನೆಮನೆಗೆ ತಲುಪಿದ್ದೇ ಯುದ್ಧದಿಂದ. 1904–05ರಲ್ಲಿ ರಷ್ಯಾ ಜೊತೆ ಯುದ್ಧ ನಡೆದಾಗ ಜಪಾನಿನ ಸಂಪರ್ಕ ಇಲಾಖೆ ಸ್ಮಾರಕ ಕಾರ್ಡುಗಳ ಸೆಟ್ ಹೊರಡಿಸಿತು, ಅಂಚೆ ಕಚೇರಿಗಳ ಮುಂದೆ ಜನ ನೂಕುನುಗ್ಗಲು ಮಾಡಿದರು. ಸೈನಿಕರು ಯುದ್ಧಭೂಮಿಯಿಂದ ಕಳಿಸುವ ಪತ್ರಕ್ಕೆ ಅಂಚೆ ಹಣ ಇರಲಿಲ್ಲ. ಮನೆಗೂ ಯುದ್ಧಭೂಮಿಗೂ ನಡುವೆ ಕಾರ್ಡುಗಳು ಎರಡೂ ಕಡೆಯಿಂದ ಓಡಾಡಿದವು. ಆ ಸರ್ಕಾರಿ ಕಾರ್ಡುಗಳ ಕುಸುರಿ ನಿಜಕ್ಕೂ ಅದ್ಭುತ: ನಡುವೆ ಹಡಗು ಅಥವಾ ಸೇನಾಪತಿಯ ಫೋಟೋ, ಸುತ್ತ ಹೂಬಳ್ಳಿ. ಹೆಣ ಬಿದ್ದ ಯುದ್ಧಕ್ಕೆ ಹೂವಿನ ಚೌಕಟ್ಟು. 1910ರಲ್ಲಿ ಕೊರಿಯಾವನ್ನು ನುಂಗಿದಾಗಲೂ ಸ್ಮಾರಕ ಕಾರ್ಡ್ ಬಂತು. ಕೊರಿಯಾದವರಿಗೆ ಅದು ಏನನಿಸಿರಬೇಕು? ಅವನ್ನು ಬಿಟ್ಟಿದ್ದು ಜಾಗದ ಕಾರಣಕ್ಕೆ, ಆದರೆ ಒಂದೆರಡಾದರೂ ಇರಬೇಕಿತ್ತು, ನಿಮ್ಮ ಮಾತು ಒಪ್ಪುತ್ತೇನೆ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

ಪ್ರಶ್ನೆ: ನಮ್ಮ ಮುತ್ತಜ್ಜ ಮುಂಬಯಿಯಲ್ಲಿ ಹತ್ತಿ ವ್ಯಾಪಾರದ ಗುಮಾಸ್ತರಾಗಿದ್ದರು. ಅವರ ಪೆಟ್ಟಿಗೆಯಲ್ಲಿ ಕೋಬೆ ಬಂದರಿನ ಎರಡು ಕಾರ್ಡ್ ಸಿಕ್ಕಿವೆ, ಬಳಸಿಲ್ಲ. ಯಾವ ಕಾಲದ್ದು ಅಂತ ಹೇಗೆ ತಿಳಿಯುವುದು? (ಮುಂಬಯಿ, ಮಾಟುಂಗಾ)

ಕೋಬೆಯದ್ದು ಸಿಕ್ಕಿದ್ದರಲ್ಲಿ ಆಶ್ಚರ್ಯ ಇಲ್ಲ. 1893ರಲ್ಲೇ ಮುಂಬಯಿ ಮತ್ತು ಜಪಾನಿನ ನಡುವೆ ಹಡಗು ಮಾರ್ಗ ಶುರುವಾಗಿತ್ತು, ಹತ್ತಿಗೋಸ್ಕರವೇ.

ಕಾರ್ಡನ್ನು ತಿರುಗಿಸಿ, ವಿಳಾಸ ಬರೆಯುವ ಕಡೆ ನೋಡಿ. ನಡುವೆ ಗೆರೆಯೇ ಇಲ್ಲದಿದ್ದರೆ 1900ರಿಂದ 1907ರ ಒಳಗಿನದ್ದು. ಆಗ ಆ ಬದಿಯಲ್ಲಿ ವಿಳಾಸ ಮಾತ್ರ ಬರೆಯಬೇಕಿತ್ತು, ಸುದ್ದಿಯನ್ನು ಚಿತ್ರದ ಮೇಲೆ ಎಲ್ಲಾದರೂ ತುರುಕಬೇಕು. ಆ ಕಾಲದ ಕಲಾವಿದರು ಚಿತ್ರದ ಪಕ್ಕದಲ್ಲಿ ಖಾಲಿ ಜಾಗ ಬಿಡುತ್ತಿದ್ದುದಕ್ಕೆ ಇದೂ ಒಂದು ಕಾರಣ. ಗೆರೆ ಮೂರನೇ ಒಂದು ಭಾಗದಲ್ಲಿದ್ದರೆ 1907ರಿಂದ 1918ರದ್ದು. ಗೆರೆ ಸರಿಯಾಗಿ ಮಧ್ಯದಲ್ಲಿದ್ದರೆ 1918ರ ನಂತರದ್ದು.

ಇನ್ನೊಂದು ಗುರುತು ಇದೆ. ಮೇಲುಗಡೆ ಜಪಾನಿ ಲಿಪಿಯಲ್ಲಿ 'ಅಂಚೆ ಕಾರ್ಡ್' ಅಂತ ಅಚ್ಚಾಗಿರುತ್ತದೆ. ಅದರ ಕೊನೆಯ ಮೂರು ಅಕ್ಷರಗಳಲ್ಲಿ ನಡುವಿನದರ ಮೇಲೆ ಎರಡು ಸಣ್ಣ ಗೀರು ಇದ್ದರೆ 1933ರ ನಂತರದ್ದು, ಇಲ್ಲದಿದ್ದರೆ ಹೆಚ್ಚಾಗಿ ಅದಕ್ಕೂ ಹಿಂದಿನದ್ದು. ಮುದ್ರೆ ಬಿದ್ದ ಕಾರ್ಡ್ ಸಿಕ್ಕರೆ ಇನ್ನೂ ಸುಲಭ, ಅದರಲ್ಲಿ ಚಕ್ರವರ್ತಿಯ ಆಳ್ವಿಕೆಯ ವರ್ಷ ಇರುತ್ತದೆ. ಮೇಜಿ ವರ್ಷಕ್ಕೆ 1867 ಕೂಡಿಸಿ, ತಾಯ್‌ಶೋ ವರ್ಷಕ್ಕೆ 1911, ಶೋವಾ ವರ್ಷಕ್ಕೆ 1925. ಮೇಜಿ 38 ಅಂದರೆ 1905.

ಪ್ರಶ್ನೆ: ಇಂಥ ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸಬಹುದಾ? ಮೂಲ ಕಾರ್ಡುಗಳನ್ನು ನೋಡಲು ಎಲ್ಲಿಗೆ ಹೋಗಬೇಕು? (ಮೈಸೂರು)

ಲ್ಯಾಮಿನೇಷನ್ ಖಂಡಿತ ಬೇಡ, ಒಮ್ಮೆ ಮಾಡಿಸಿದರೆ ಬಿಡಿಸಲಾಗದು. ಅಂಟು, ಟೇಪು ಕೂಡ ಬೇಡ. ಆಮ್ಲವಿಲ್ಲದ ಕಾಗದದ ನಡುವೆ ಇಟ್ಟು, ಬಿಸಿಲು ಬೀಳದ, ತೇವ ಇಲ್ಲದ ಕಡೆ ಇಡಿ. ಆ ಕಾಲದ ಗುಲಾಬಿ, ನೇರಳೆ ಬಣ್ಣಗಳು ಬೆಳಕಿಗೆ ಬೇಗ ಮಾಸುತ್ತವೆ. ಗೋಡೆಗೆ ಬೇಕಿದ್ದರೆ ಸ್ಕ್ಯಾನ್ ಮಾಡಿಸಿ ಅದರ ಪ್ರತಿಯನ್ನು ತೂಗುಹಾಕಿ.

ನೋಡುವುದಕ್ಕೆ ತೋಕ್ಯೋದಲ್ಲಿ ಅಂಚೆ ವಸ್ತುಸಂಗ್ರಹಾಲಯ ಇದೆ, ಯುಮೆಜಿ ಹೆಸರಿನ ಮ್ಯೂಸಿಯಂ ಇದೆ. ಅಮೆರಿಕದ ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯಕ್ಕೆ ಲಿಯೊನಾರ್ಡ್ ಲಾಡರ್ ಎಂಬ ಸಂಗ್ರಾಹಕರು 20,000ಕ್ಕೂ ಹೆಚ್ಚು ಜಪಾನಿ ಕಾರ್ಡುಗಳನ್ನು ಕೊಟ್ಟಿದ್ದಾರೆ. ಅವುಗಳಲ್ಲಿ ಬಹಳಷ್ಟನ್ನು ಸಂಗ್ರಹಾಲಯದ ವೆಬ್‌ಸೈಟಿನಲ್ಲಿ ದೊಡ್ಡದು ಮಾಡಿ ನೋಡಬಹುದು. ಮೈಸೂರಿನಲ್ಲಿ ಕೂತೇ ಶುರುಮಾಡಿ, ಕಾಯಿಚಿಯವರಿಂದ ಶುರುಮಾಡಿದರೆ ಇನ್ನೂ ಒಳ್ಳೆಯದು.