ಕಥೆಗೆ ಕಾಯಬೇಡಿ, ಪಾತ್ರ ನುಂಗಿಕೊಂಡ ಮಾತಿಗೆ ಕಿವಿಗೊಡಿ

ನಮಸ್ಕಾರ. ‘ಒಂದು ಗಂಟೆಯ ನಾಟಕ, ಒಬ್ಬರದೇ ಮಾತು, ಕಥೆ ಶುರುವಾಗಲೇ ಇಲ್ಲ. ಇಂಥದ್ದನ್ನು ಆಸ್ವಾದಿಸುವುದು ಹೇಗೆ?’ ಎಂದು ಕೇಳಿದ್ದೀರಿ. ನನಗೂ ಮೊದಮೊದಲು ಹಾಗೇ ಆಗುತ್ತಿತ್ತು. ಕಥೆಗೆ ಕಾಯುವುದನ್ನು ಬಿಟ್ಟು, ಪಾತ್ರ ಯಾವ ಮಾತನ್ನು ನುಂಗಿಕೊಳ್ಳುತ್ತಿದೆ ಎಂದು ಗಮನಿಸಿ ನೋಡಿ.

ಗಿರೀಶ ಕಾರ್ನಾಡರ ‘ಒಡಕಲು ಬಿಂಬ’ವನ್ನೇ ತೆಗೆದುಕೊಳ್ಳಿ. 2005ರಲ್ಲಿ ಬೆಂಗಳೂರಿನ ರಂಗಶಂಕರದಲ್ಲಿ ಮೊದಲು ರಂಗಕ್ಕೆ ಬಂತು. ಕನ್ನಡದಲ್ಲಿ ಅರುಂಧತಿ ನಾಗ್ ಅಭಿನಯ. ನಾಟಕದ ನಾಯಕಿ, ಕನ್ನಡದ ಕಥೆಗಾರ್ತಿ ಮಂಜುಳಾ ನಾಯಕ್ ಇಂಗ್ಲಿಷಿನಲ್ಲಿ ಕಾದಂಬರಿ ಬರೆದು ದೊಡ್ಡ ಹೆಸರು ಮಾಡಿದ್ದಾಳೆ. ಟಿವಿ ಸ್ಟುಡಿಯೋದಲ್ಲಿ ಮಾತು ಮುಗಿಸಿ ಇನ್ನೇನು ಹೊರಡಬೇಕು, ಪರದೆಯ ಮೇಲಿನ ಅವಳದೇ ಬಿಂಬ ಅವಳನ್ನು ಪ್ರಶ್ನಿಸತೊಡಗುತ್ತದೆ. ಗಂಡನ ಬಗ್ಗೆ, ತೀರಿಕೊಂಡ ತಂಗಿ ಮಾಲಿನಿಯ ಬಗ್ಗೆ. ಮುಂದಿನದನ್ನು ನಾನು ಹೇಳುವುದಿಲ್ಲ.

ಇಲ್ಲೊಂದು ಸೂಕ್ಷ್ಮ ನೋಡಿ. ಬಿಂಬದ ಮಾತು ಮೊದಲೇ ಚಿತ್ರೀಕರಿಸಿದ್ದು, ನಟಿಗಾಗಿ ಒಂದು ಕ್ಷಣವೂ ಕಾಯುವುದಿಲ್ಲ. ಅವಳ ಪ್ರತಿಯೊಂದು ಉತ್ತರವೂ ಬಿಂಬ ಸುಮ್ಮನಿರುವ ಆ ಚೂರು ಹೊತ್ತಿನೊಳಗೇ ಕೂರಬೇಕು. ತನ್ನಿಂದಲೇ ತಪ್ಪಿಸಿಕೊಳ್ಳಲಾಗದ ಹೆಂಗಸಿನ ಚಡಪಡಿಕೆ ನನಗೆ ಹೆಚ್ಚು ತಟ್ಟಿದ್ದು ಅಲ್ಲೇ.

ನಾಟಕ ನೋಡುವ ಮುಂಚೆ ಅದರ ಪುಸ್ತಕ ಓದಬೇಡಿ, ನೋಡಿ ಬಂದ ರಾತ್ರಿಯೇ ಓದಿ. ಮೊದಲ ಭಾಷಣದಲ್ಲಿ ಮಂಜುಳಾ ತಂಗಿಯ ಬಗ್ಗೆ ಆಡುವ ಮಾತು ಆಗ ಬೇರೆಯೇ ಕೇಳಿಸುತ್ತದೆ.