ಒಲೆ ಒಂದೇ ಇರುವಾಗ ರೇಷನ್ ಕಾರ್ಡ್ ಎರಡು ಯಾಕೆ?

ದಾವಣಗೆರೆಯಲ್ಲಿ ತೆರಿಗೆ ಸಲಹೆಗಾರನಾಗಿರುವ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಧಾಟಿಯವು. "ಕಾನೂನಲ್ಲಿ ಅವಕಾಶ ಇದೆಯಂತೆ, ಬಳಸಿಕೊಂಡ್ರೆ ತಪ್ಪಾ?" ಅವಕಾಶ ಇದ್ದರೆ ತಪ್ಪಿಲ್ಲ. ಆದರೆ ಹೀಗೆ ಕೇಳುವವರಲ್ಲಿ ಬಹಳಷ್ಟು ಜನರಿಗೆ ಯಾರೋ ಮಧ್ಯವರ್ತಿ ಸುಳ್ಳನ್ನೇ ಅವಕಾಶ ಅಂತ ನಂಬಿಸಿರುತ್ತಾನೆ. ನನಗೆ ಸಿಟ್ಟು ಬರೋದು ಅಲ್ಲಿ. ಅಂಥ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ. ಮೊದಲನೆಯದು ಇಲ್ಲಿನ ಎಲೆಕ್ಟ್ರಿಕಲ್ ಅಂಗಡಿಯವರೊಬ್ಬರದು.

ನಿಟುವಳ್ಳಿಯಲ್ಲಿ ನಮ್ಮದು ಕೂಡು ಕುಟುಂಬ. ಅಪ್ಪನಿಗೆ ಚನ್ನಗಿರಿ ಹತ್ತಿರ ಎರಡು ಎಕರೆ ಅಡಿಕೆ ತೋಟ ಇದೆ. ನನ್ನದು ಎಲೆಕ್ಟ್ರಿಕಲ್ ಅಂಗಡಿ, ಜಿಎಸ್‌ಟಿ ಇದೆ, ತೆರಿಗೆಯನ್ನೂ ಕಟ್ಟುತ್ತೇನೆ. ಎಪಿಎಲ್ ಕಾರ್ಡಿನಲ್ಲಿ ಅಮ್ಮನೇ ಯಜಮಾನಿ. "ನಿಮ್ಮ ಹೆಸರು ಇರೋವರೆಗೂ ಅಮ್ಮನಿಗೆ ಗೃಹಲಕ್ಷ್ಮಿ ಬರಲ್ಲ. ಕಾರ್ಡ್ ಒಡೀರಿ, ಅವರದು ಬಿಪಿಎಲ್ ಆಗುತ್ತೆ, ಎಲ್ಲಾ ಲೀಗಲ್" ಅಂತಾರೆ ಸೈಬರ್ ಸೆಂಟರ್‌ನವರು. ತೆರಿಗೆ ಕಟ್ಟುವವನ ತಾಯಿ ಸರ್ಕಾರದ ದುಡ್ಡು ತಗೊಳ್ಳೋದು ಸರಿಯಾ?

ಮೊದಲು ನಿಮ್ಮಮ್ಮನ ವಿಷಯ. ಗೃಹಲಕ್ಷ್ಮಿಗೆ ಬಿಪಿಎಲ್ ಕಾರ್ಡೇ ಬೇಕು ಅಂತ ಇಲ್ಲ. ಎಪಿಎಲ್ ಕಾರ್ಡಿನ ಯಜಮಾನಿಗೂ ತಿಂಗಳಿಗೆ 2,000 ರೂಪಾಯಿ ಬರುತ್ತದೆ. ಆದೇಶ ಹೊರಗಿಡುವುದು ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುತ್ತಿದ್ದರೆ, ಇಲ್ಲವೇ ಜಿಎಸ್‌ಟಿ ರಿಟರ್ನ್ ಹಾಕುತ್ತಿದ್ದರೆ. ಮಗನ ಮಾತು ಅದರಲ್ಲಿಲ್ಲ. ನಿಮ್ಮಪ್ಪನಿಗೆ ಇರುವುದು ಅಡಿಕೆ ಆದಾಯ, ಅದಕ್ಕೆ ಆದಾಯ ತೆರಿಗೆ ಇಲ್ಲ. ಅಂದಮೇಲೆ ನಿಮ್ಮಮ್ಮ ಅರ್ಹರು. ಅರ್ಜಿ ತಿರಸ್ಕಾರ ಆಗಿದ್ದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಗೆ ಹೋಗಿ, ತೆರಿಗೆ ಕಟ್ಟುವವನು ಮಗ, ಗಂಡ ಅಲ್ಲ ಅಂತ ಬರೆದು ಕೊಡಿ.

ನೈತಿಕವಾಗಿ ಸರಿಯಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಪೂರ್ತಿ ಸರಿ. ಮಗ ಎಷ್ಟೇ ದುಡಿದರೂ, ಆ ತಾಯಿ ಮಾತ್ರೆಗೋ ಮೊಮ್ಮಗಳ ಬಳೆಗೋ ನೂರು ರೂಪಾಯಿ ಬೇಕಾದಾಗ ಕೈ ಚಾಚಬೇಕಾಗುತ್ತದೆ, ಅಲ್ವಾ? ನಿಯಮ ಬರೆದವರು ಹೆಂಗಸಿನ ಕೈಗೇ ದುಡ್ಡು ಹೋಗಲಿ ಅಂತ ಬರೆದಿದ್ದಾರೆ. ಮಗನ ಗಳಿಕೆಯನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟಿದ್ದಾರೆ. ಅದನ್ನು ಪಡೆಯುವುದು ಕಳ್ಳತನ ಅಲ್ಲ. ನಮಗೆ ಬೇಡ ಅನ್ನಿಸಿದರೆ ಬಿಡಬಹುದು, ಅದು ದೊಡ್ಡ ಮನಸ್ಸು. ಆದರೆ ಬಿಡೋದೋ ಬೇಡವೋ ಅಂತ ತೀರ್ಮಾನ ಮಾಡಬೇಕಾದವರು ನಿಮ್ಮಮ್ಮ, ನೀವಲ್ಲ.

ಈಗ ಕಾರ್ಡ್ ಒಡೆಯುವ ಮಾತು. ಇದು ಬೇರೆ ವಿಷಯ, ದಯವಿಟ್ಟು ಎರಡನ್ನೂ ಕಲೆಸಬೇಡಿ. ಒಂದೇ ಮನೆಯಲ್ಲಿದ್ದು, ಒಂದೇ ಅಡುಗೆ ಉಣ್ಣುವವರು ಒಂದು ಕುಟುಂಬ. ಹೀಗೆ ಕಾರ್ಡ್ ಒಡೆಸಿಕೊಂಡ ಒಬ್ಬರು ನನ್ನ ಬಳಿ ಬಂದಿದ್ದರು. ಒಂದು ಅರ್ಜಿಯಲ್ಲಿ ಮನೆ ನಂಬರ್, ಇನ್ನೊಂದರಲ್ಲಿ ಅದೇ ನಂಬರಿನ ಮುಂದೆ ಪೆನ್ನಿನಲ್ಲಿ "ಎ" ಅಂತ ಸೇರಿಸಿದ್ದು. ಎರಡಕ್ಕೂ ಲಗತ್ತಿಸಿದ್ದು ಒಂದೇ ಬೆಸ್ಕಾಂ ಬಿಲ್, ಒಂದೇ ಆರ್‌ಆರ್ ನಂಬರ್. ಗ್ಯಾಸ್ ಬುಕ್ಕೂ ಒಂದೇ. ಇದಕ್ಕೆ ಲೀಗಲ್ ಅನ್ನುವ ಹೆಸರು ಇಟ್ಟವನು ಕಮಿಷನ್ ತಗೊಂಡು ಹೋಗಿರುತ್ತಾನೆ. ಅರ್ಜಿಯ ಕೆಳಗೆ "ಮೇಲಿನ ವಿವರ ನಿಜ" ಅಂತ ಸಹಿ ಹಾಕಿದವರು ಮಾತ್ರ ಸಿಕ್ಕಿಬೀಳುತ್ತಾರೆ.

ಅದೂ ಅಲ್ಲದೆ, ನಿಮ್ಮವರಿಗೆ ಬಿಪಿಎಲ್ ಸಿಗುವ ಲೆಕ್ಕವೇ ಕಾಣುತ್ತಿಲ್ಲ. ಕುಟುಂಬದ ವರ್ಷದ ಆದಾಯ 1.2 ಲಕ್ಷ ದಾಟಬಾರದು. ಪಟ್ಟಣದಲ್ಲಿ 1,000 ಚದರ ಅಡಿಗಿಂತ ದೊಡ್ಡ ಪಕ್ಕಾ ಮನೆ ಇರಬಾರದು. ಆದಾಯ ತೆರಿಗೆ ಇಲ್ಲ ಅಂದರೆ ಆದಾಯವೇ ಇಲ್ಲ ಅಂತ ಅಲ್ಲ. ಫಸಲು ಕೊಡುವ ಎರಡು ಎಕರೆ ಅಡಿಕೆಗೆ ಈಗಿನ ದರದಲ್ಲಿ ಎಷ್ಟು ಬರುತ್ತದೆ ಅಂತ ನಿಮ್ಮಪ್ಪನಿಗೆ ಗೊತ್ತು.

ಜನರ ಆಸೆ ಅಕ್ಕಿ ಮೇಲಲ್ಲ, ಆಸ್ಪತ್ರೆ ಮೇಲೆ ಅನ್ನೋದು ನನಗೂ ಗೊತ್ತು. ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ಗೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ 1.5 ಲಕ್ಷದವರೆಗೆ. ವಯಸ್ಸಾದ ತಂದೆತಾಯಿ ಇರುವ ಮಧ್ಯಮ ವರ್ಗದವರ ಭಯ ನಿಜವಾದದ್ದು. ಆದರೆ ಅದಕ್ಕೆ ದಾರಿ ಆರೋಗ್ಯ ವಿಮೆ. ಜಗಳೂರಿನ ಕೂಲಿಯವರಿಗೆ ಇಟ್ಟ ದುಡ್ಡಿಗೆ ನಾವು ಸುಳ್ಳು ವಿಳಾಸ ಕೊಟ್ಟು ಸಾಲಿನಲ್ಲಿ ನಿಲ್ಲಬಾರದು.

ಅಪ್ಪ-ಅಮ್ಮ ನಿಜವಾಗಿಯೂ ತೋಟದ ಮನೆಯಲ್ಲಿದ್ದು, ಬೇರೆ ಒಲೆ ಹಚ್ಚುತ್ತಿದ್ದರೆ ಬೇರೆ ಕಾರ್ಡ್ ಮಾಡಿಸಿ. ಯಾರೂ ಬೇಡ ಅನ್ನಲ್ಲ.

ಅಪ್ಪನ ಮನೆಯಲ್ಲೇ ಇದ್ದು, ಅವರಿಗೇ ಬಾಡಿಗೆ ಕೊಟ್ಟು ಎಚ್‌ಆರ್‌ಎ (ಸಂಬಳದಲ್ಲಿನ ಮನೆ ಬಾಡಿಗೆ ಭತ್ಯೆ) ಮೇಲೆ ತೆರಿಗೆ ವಿನಾಯಿತಿ ಪಡೆಯಬಹುದಾ?

ಹಳೆ ತೆರಿಗೆ ಪದ್ಧತಿಯಲ್ಲಿದ್ದರೆ ಪಡೆಯಬಹುದು. ಮನೆ ಅಪ್ಪನ ಹೆಸರಲ್ಲಿರಬೇಕು, ಬಾಡಿಗೆ ನಿಜವಾಗಿ ಅವರ ಖಾತೆಗೆ ಹೋಗಬೇಕು, ಅವರು ಅದನ್ನು ತಮ್ಮ ಆದಾಯದಲ್ಲಿ ತೋರಿಸಬೇಕು. ಒಂದನೇ ತಾರೀಕು ಹಾಕಿ ಎರಡನೇ ತಾರೀಕು ವಾಪಸ್ ಹಾಕಿಸಿಕೊಳ್ಳುವ ನಾಟಕ ಬೇಡ. ತೆರಿಗೆ ಉಳಿಸುವ ಯೋಜನೆ ಕಾನೂನಿನ ಒಳಗಿದ್ದರೆ ಸರಿ, ಬಣ್ಣ ಬಳಿದ ವ್ಯವಹಾರ ಸರಿಯಲ್ಲ ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಮೆಕ್‌ಡೊವೆಲ್ ಪ್ರಕರಣದಲ್ಲಿ ಹೇಳಿದೆ.

ನಾನು ಅಡಿಕೆ ತೋಟ ಚೇಣಿ ಹಿಡಿಯುತ್ತೇನೆ, ಅಂದರೆ ಫಸಲನ್ನು ಗುತ್ತಿಗೆಗೆ ಕೊಳ್ಳುತ್ತೇನೆ. ಲಾಭವನ್ನು ಕೃಷಿ ಆದಾಯ ಅಂತ ತೋರಿಸಬಹುದಲ್ಲ?

ಇಲ್ಲ. ಗಿಡ ಬೆಳೆಸಿದ ತೋಟದವರಿಗೆ ಬಂದ ಚೇಣಿ ಹಣ ಕೃಷಿ ಆದಾಯ. ಫಸಲು ಕೊಂಡು, ಸುಲಿದು, ಬೇಯಿಸಿ ಮಾರುವ ನಿಮ್ಮದು ವ್ಯಾಪಾರ. ಚನ್ನಗಿರಿ, ಹೊನ್ನಾಳಿ ಕಡೆಯಿಂದ ಈ ಪ್ರಶ್ನೆ ಬರ್ತಾನೇ ಇದೆ, ಉತ್ತರ ಬದಲಾಗಲ್ಲ.

ಹೆಂಡತಿ ಹೆಸರಲ್ಲಿ ಎಫ್‌ಡಿ ಇಟ್ಟರೆ ನನಗೆ ತೆರಿಗೆ ಉಳಿಯುತ್ತಾ?

ಉಳಿಯಲ್ಲ. ದುಡ್ಡು ನೀವು ಕೊಟ್ಟಿದ್ದಾದರೆ ಬಡ್ಡಿ ನಿಮ್ಮ ಆದಾಯಕ್ಕೇ ಸೇರುತ್ತದೆ.

ಪಿಎಂ-ಕಿಸಾನ್ ಗಂಡನಿಗೂ ಹೆಂಡತಿಗೂ ಬೇರೆ ಬೇರೆ ತಗೋಬಹುದಾ?

ಪಹಣಿ ಬೇರೆ ಇದ್ದರೂ ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಸೇರಿ ಒಂದೇ ಕುಟುಂಬ, ಒಂದೇ 6,000.

ಹೊಸ ಪದ್ಧತಿಯಲ್ಲಿ ನನ್ನ ತೆರಿಗೆ ಸೊನ್ನೆ ಆಯ್ತು. ದೇಶಕ್ಕೆ ಏನೂ ಕೊಡದೆ ಇರೋದು ಪಾಪ ಅಲ್ವಾ?

ಅಲ್ಲ. 2025-26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಕೊಟ್ಟಿರೋದು ಸಂಸತ್ತು. ಸುಮ್ನೆ ಕೊರಗಬೇಡಿ.

ಒಬ್ಬ ಏಜೆಂಟ್ ರಾಜಕೀಯ ಪಕ್ಷಕ್ಕೆ ದೇಣಿಗೆ ಕೊಟ್ಟಂತೆ ರಸೀದಿ ಮಾಡಿಸಿ ರೀಫಂಡ್ ಕೊಡಿಸಿದ. ಸ್ನೇಹಿತರಿಗೆಲ್ಲ ಬಂದಿದೆ, ಏನೂ ಆಗಿಲ್ಲ.

ಇದು ಪ್ರಶ್ನೆಯೇ ಅಲ್ಲ, ಮೋಸ. ಇಂಥ ನಕಲಿ ಕಡಿತ ಹಾಕಿಸುವವರ ಮೇಲೆ ಆದಾಯ ತೆರಿಗೆ ಇಲಾಖೆ 2025ರ ಜುಲೈನಲ್ಲಿ ದೇಶದ ಹಲವು ಕಡೆ ತಪಾಸಣೆ ಮಾಡಿದೆ. ಸುಳ್ಳು ವಿವರ ಕೊಟ್ಟಿದ್ದು ಸಾಬೀತಾದರೆ ತಪ್ಪಿಸಿದ ತೆರಿಗೆಯ ಶೇ 200ರವರೆಗೆ ದಂಡ, ಬಡ್ಡಿ ಬೇರೆ. ನೋಟಿಸ್ ಬರುವ ಮುಂಚೆಯೇ ಅಪ್‌ಡೇಟೆಡ್ ರಿಟರ್ನ್ (ತಪ್ಪು ತಿದ್ದಿ ಹಾಕುವ ರಿಟರ್ನ್) ಹಾಕಿ, ರೀಫಂಡ್ ವಾಪಸ್ ಕಟ್ಟಿ. ಹೆಚ್ಚುವರಿ ತೆರಿಗೆ ಶೇ 25ರಿಂದ ಶುರು, ತಡ ಮಾಡಿದಷ್ಟೂ ಜಾಸ್ತಿ. ಆ ಏಜೆಂಟನ ಕೈಲಿ ಮಾತ್ರ ಇದನ್ನು ಮಾಡಿಸಬೇಡಿ, ನಿಮ್ಮ ಲಾಗಿನ್ ಪಾಸ್‌ವರ್ಡ್ ಇವತ್ತೇ ಬದಲಿಸಿ.