ಎಟಿವಿಯನ್ನು ರಿಮೋಟ್‌ನಲ್ಲಿ ಓಡಿಸಬೇಕೆಂದರೆ ಬ್ರೇಕಿನಿಂದ ಶುರು ಮಾಡಿ

ಕಾಫಿ ತೋಟದಲ್ಲಿ ಬೋರ್ಡೋ ದ್ರಾವಣ (ಮೈಲುತುತ್ತ-ಸುಣ್ಣದ ಔಷಧಿ) ಸಿಂಪಡಿಸುವಾಗ ಯಾರೂ ಮೇಲೆ ಕೂರದಂತೆ ಹಳೆಯ ಪೆಟ್ರೋಲ್ ಎಟಿವಿಯನ್ನು (ದಪ್ಪ ಟೈರಿನ ನಾಲ್ಕು ಚಕ್ರದ ಗಾಡಿ) ರಿಮೋಟ್‌ನಲ್ಲಿ ಓಡಿಸಬಹುದೇ, ಯಾವ ರಿಮೋಟ್ ಕೊಳ್ಳಲಿ ಎಂದು ಕೇಳಿದ್ದೀರಿ. ಖಂಡಿತ ಓಡಿಸಬಹುದು. ಕ್ಲಚ್ ಒತ್ತಿ ಗೇರ್ ಬದಲಿಸಬೇಕಿಲ್ಲದ, ಬೆಲ್ಟಿನ ಸಿವಿಟಿ ಗಾಡಿಯಾದರೆ ಕೆಲಸ ಎಷ್ಟೋ ಸಲೀಸು. ಆದರೆ ರಿಮೋಟ್ ಕೊನೆಗೆ ಕೊಳ್ಳಿ. ಮೊದಲು ಬ್ರೇಕ್.

ಇಂಜಿನ್ ಆಫ್ ಆದರೆ ಗಾಡಿ ನಿಲ್ಲುತ್ತದೆ ಎಂಬ ನಂಬಿಕೆ ಇಳಿಜಾರಿನಲ್ಲಿ ನಡೆಯುವುದಿಲ್ಲ. ಇಂಜಿನ್ ವೇಗ ಇಳಿದ ಕೂಡಲೇ ಎಷ್ಟೋ ಸಿವಿಟಿಗಳಲ್ಲಿ ಬೆಲ್ಟಿನ ಹಿಡಿತ ತಪ್ಪಿ ಗಾಡಿ ನ್ಯೂಟ್ರಲ್‌ನಲ್ಲಿದ್ದಂತೆ ಉರುಳುತ್ತದೆ. ಬ್ರೇಕಿಗೆ ಬರೀ ಲೀನಿಯರ್ ಆಕ್ಚುಯೇಟರ್ (ಮೋಟರ್ ತಿರುಗಿದಾಗ ಸ್ಕ್ರೂ ಮೂಲಕ ನೇರವಾಗಿ ತಳ್ಳುವ, ಎಳೆಯುವ ಸಾಧನ) ಹಾಕಿದರೂ ಸಾಲದು. ಕರೆಂಟ್ ಹೋದಾಗ ಅದರ ಸ್ಕ್ರೂ ಇದ್ದಲ್ಲೇ ನಿಲ್ಲುತ್ತದೆ, ಬಿಟ್ಟ ಬ್ರೇಕ್ ಬಿಟ್ಟೇ ಇರುತ್ತದೆ. ಹಾಗಾಗಿ ಪೆಡಲನ್ನು ಬಲವಾದ ಸ್ಪ್ರಿಂಗ್ ಎಳೆಯುವಂತೆ ಮಾಡಿ, ಆ ಸ್ಪ್ರಿಂಗನ್ನು 12 ವೋಲ್ಟಿನ ಎಲೆಕ್ಟ್ರೋಮ್ಯಾಗ್ನೆಟ್‌ನಿಂದ ಹಿಡಿದಿಡಿ. ವೈರ್ ಕಿತ್ತರೂ ಬ್ಯಾಟರಿ ಸತ್ತರೂ ಮ್ಯಾಗ್ನೆಟ್ ಕೈಬಿಡುತ್ತದೆ, ಬ್ರೇಕ್ ಬೀಳುತ್ತದೆ. ಮ್ಯಾಗ್ನೆಟ್ ಮೇಲೆ ಬರೆದ ಶಕ್ತಿ ಸ್ವಚ್ಛವಾದ ದಪ್ಪ ಕಬ್ಬಿಣದ ಪಟ್ಟಿಗೆ ಮಾತ್ರ ಅನ್ವಯ. ಪೇಂಟ್, ಧೂಳು ಇದ್ದರೆ ಬಹಳ ಇಳಿಯುತ್ತದೆ. ಸ್ಪ್ರಿಂಗ್ ಎಳೆತದ ಮೂರರಷ್ಟು ಶಕ್ತಿಯದ್ದನ್ನೇ ತನ್ನಿ. ದಿನನಿತ್ಯದ ಬ್ರೇಕಿಗೆ ಆಕ್ಚುಯೇಟರ್ ಇರಲಿ, ಆದರೆ ಅದು ಪೆಡಲಿಗೆ ಸೇರುವ ಕೊಂಡಿಯಲ್ಲಿ ಉದ್ದನೆಯ ತೂತು ಬೇಕು. ಇಲ್ಲವಾದರೆ ಸ್ಪ್ರಿಂಗ್ ಎಳೆದಾಗ ಆಕ್ಚುಯೇಟರೇ ಅಡ್ಡ ನಿಲ್ಲುತ್ತದೆ.

ಮ್ಯಾಗ್ನೆಟ್, ಇಗ್ನಿಷನ್ ರಿಲೇ, ಗಾಡಿಯ ಎರಡೂ ಬದಿಯ ಕೆಂಪು ಎಮರ್ಜೆನ್ಸಿ ಸ್ವಿಚ್, ಪ್ರತ್ಯೇಕ ರಿಮೋಟಿನ ಸ್ಟಾಪ್ ರಿಲೇ, ಎಲ್ಲ ಒಂದೇ ಸರ್ಕ್ಯೂಟಿನಲ್ಲಿರಲಿ. ಈ ದಾರಿಯಲ್ಲಿ ಯಾವ ಸಾಫ್ಟ್‌ವೇರೂ ಇರಬಾರದು.

ಸ್ಟೀರಿಂಗಿಗೆ ಅಂದಾಜಿನ ಮೇಲೆ ಮೋಟರ್ ತರಬೇಡಿ. ಟ್ಯಾಂಕ್ ತುಂಬಿಸಿ, ಕಾಂಕ್ರೀಟಿನ ಮೇಲೆ ನಿಲ್ಲಿಸಿ, ಹ್ಯಾಂಡಲ್ ತುದಿಯನ್ನು ತೂಗುವ ಸ್ಪ್ರಿಂಗ್ ತಕ್ಕಡಿಯಿಂದ ಎಳೆಯಿರಿ. ಮಧ್ಯದಿಂದ 30 ಸೆಂ.ಮೀ. ದೂರದಲ್ಲಿ 15 ಕೆಜಿ ತೋರಿಸಿದರೆ ಸುಮಾರು 45 ನ್ಯೂಟನ್ ಮೀಟರ್ ತಿರುಗುಬಲ. ಅದರ ಎರಡರಷ್ಟು ತಡೆಯುವ ಗೇರ್ ಮೋಟರ್ ಬೇಕು. ಕೋನ ಅಳೆಯುವ ಸೆನ್ಸರ್ ಸ್ಟೀರಿಂಗ್ ಶಾಫ್ಟಿನ ಮೇಲೆಯೇ ಇರಲಿ. ಮೋಟರ್ ಮೇಲಿಟ್ಟರೆ ಚೈನಿನ ಸಡಿಲ ಲೆಕ್ಕ ತಪ್ಪಿಸುತ್ತದೆ. ಸ್ಟೀರಿಂಗ್ ತಿರುಗುವ ಕೊನೆಯ ಮಿತಿ (ಲಾಕ್) ತಲುಪುವ ಮೊದಲೇ ಮೋಟರ್ ನಿಲ್ಲುವಂತೆ ಮಿತಿ ಹಾಕಿ, ಇಲ್ಲದಿದ್ದರೆ ಮೋಟರಿಗೆ ಕರೆಂಟ್ ಕೊಡುವ ಡ್ರೈವರ್ ಬೋರ್ಡ್ ಸುಡುತ್ತದೆ.

ಆಕ್ಸಿಲರೇಟರ್ ಕೇಬಲ್ ಎಳೆಯಲು ಒಂದು ಗಟ್ಟಿ ಸರ್ವೋ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟರ್) ಸಾಕು, ಮೂಲ ರಿಟರ್ನ್ ಸ್ಪ್ರಿಂಗ್ ತೆಗೆಯಬೇಡಿ. ಕಂಟ್ರೋಲಿಗೆ ಪಿಕ್ಸ್‌ಹಾಕ್ ಬೋರ್ಡಿನಲ್ಲಿ ಆರ್ಡುಪೈಲಟ್ ರೋವರ್ (ಚಕ್ರದ ಗಾಡಿಗಳನ್ನು ನಡೆಸುವ ಉಚಿತ ಸಾಫ್ಟ್‌ವೇರ್) ಚೆನ್ನಾಗಿ ನಡೆಯುತ್ತದೆ. ಅದು ಸ್ಟೀರಿಂಗಿಗೆ ಸರ್ವೋ ಸಿಗ್ನಲ್ ಮಾತ್ರ ಕೊಡುತ್ತದೆ. ಸೆನ್ಸರ್ ನೋಡಿ ಮೋಟರನ್ನು ಆ ಕೋನಕ್ಕೆ ತರುವ ಕೆಲಸಕ್ಕೆ ಬೇರೆ ಸಣ್ಣ ಕಂಟ್ರೋಲರ್ ಬೇಕು. ಇವಕ್ಕೆಲ್ಲ ಬೇರೆಯದೇ ಬ್ಯಾಟರಿ ಇಡಿ. ಸೆಲ್ಫ್ ಹೊಡೆದಾಗ ಗಾಡಿಯ ಬ್ಯಾಟರಿ ವೋಲ್ಟೇಜ್ ಕುಸಿದು ಬೋರ್ಡ್ ರೀಸ್ಟಾರ್ಟ್ ಆಗುತ್ತದೆ. ರೆಸಿಸ್ಟರ್ ಇರುವ ಸ್ಪಾರ್ಕ್ ಪ್ಲಗ್ಗನ್ನೇ ಹಾಕಿ. ಇಗ್ನಿಷನ್ ನಾಯ್ಸ್ ಸೆನ್ಸರನ್ನೂ ರಿಸೀವರನ್ನೂ ಕೆಡಿಸುತ್ತದೆ.

ಇನ್ನು ರಿಮೋಟ್. ಸಿಲ್ವರ್ ಓಕ್ ನೆರಳಿನ ತೋಟದಲ್ಲಿ ಒದ್ದೆ ಎಲೆಗಳು 2.4 ಗಿಗಾಹರ್ಟ್ಸ್ ಸಿಗ್ನಲನ್ನು ಹೀರಿಕೊಳ್ಳುತ್ತವೆ. ಭಾರತದಲ್ಲಿ ಲೈಸೆನ್ಸ್ ಬೇಡದ 865–868 ಮೆಗಾಹರ್ಟ್ಸ್ ಇಲ್ಲಿ ಮೇಲು. ವಿದೇಶದ 915 ಮಾಡ್ಯೂಲ್ ತರಿಸಬೇಡಿ, ಇಲ್ಲಿ ಅದಕ್ಕೆ ಅನುಮತಿ ಇಲ್ಲ. ಎಷ್ಟೋ ರಿಸೀವರ್‌ಗಳು ಸಿಗ್ನಲ್ ತಪ್ಪಿದಾಗ ಕೊನೆಯ ಆಜ್ಞೆಯನ್ನೇ ಹಿಡಿದುಕೊಂಡಿರುತ್ತವೆ. ಅದನ್ನು ಸಿಗ್ನಲ್ ತಪ್ಪಿದರೆ ಏನನ್ನೂ ಕಳಿಸದ ‘ನೋ ಪಲ್ಸ್’ ಸೆಟಿಂಗಿಗೆ ಬದಲಿಸಿ.

ಕ್ಯಾಮೆರಾ ನೋಡಿ ಓಡಿಸುವುದಾದರೆ ವಿಳಂಬದ ಲೆಕ್ಕ ಹಾಕಿ. ಗಂಟೆಗೆ 10 ಕಿ.ಮೀ. ಎಂದರೆ ಸೆಕೆಂಡಿಗೆ 2.8 ಮೀಟರ್. ಚಿತ್ರ 0.3 ಸೆಕೆಂಡ್ ತಡ, ನಿಮ್ಮ ಕೈ ಓಡಲು 0.7 ಸೆಕೆಂಡ್: ಬ್ರೇಕ್ ಒತ್ತುವ ಹೊತ್ತಿಗೆ ಗಾಡಿ ಸುಮಾರು ಮೂರು ಮೀಟರ್ ಮುಂದಿರುತ್ತದೆ. 4ಜಿ ಮೇಲಿನ ವಿಡಿಯೋದಲ್ಲಿ ವಿಳಂಬ ಹೆಚ್ಚು, ಅದಕ್ಕಿಂತ ಕೆಟ್ಟದ್ದೆಂದರೆ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಗಿಡಗಳ ಸಾಲಿನ ನಡುವೆ ನಡಿಗೆಯ ವೇಗವೇ ಸರಿ, ಗಾಡಿ ಕಣ್ಣಿಗೆ ಕಾಣುವಂತಿರಲಿ.

ಮೊದಲ ಪರೀಕ್ಷೆ ನಾಲ್ಕೂ ಚಕ್ರ ನೆಲದಿಂದ ಎತ್ತಿ, ಸ್ಟ್ಯಾಂಡ್ ಮೇಲೆ. ಇಂಜಿನ್ ಓಡುತ್ತಿರುವಾಗ ರಿಮೋಟ್ ಆಫ್ ಮಾಡಿ, ಆಮೇಲೆ ಆಂಟೆನಾ, ಸೆನ್ಸರ್, ಬೋರ್ಡಿನ ಪವರ್ ಒಂದೊಂದೇ ಕೀಳಿ. ಪ್ರತಿ ಸಲವೂ ಬ್ರೇಕ್ ಬೀಳಬೇಕು. ನಂತರ ಬೇಲಿ ಇರುವ ಸಮತಟ್ಟು ಜಾಗ, ಕೊನೆಗೆ ಇಳಿಜಾರು.

ಟ್ಯಾಂಕಿನ ಬಗ್ಗೆ ಒಂದು ಮಾತು. 100 ಲೀಟರ್ ಎಂದರೆ 100 ಕೆಜಿಗೂ ಮೇಲೆ. ಹಿಂದಿನ ರ‍್ಯಾಕ್ ಎಷ್ಟು ಹೊರುತ್ತದೆಂದು ಮ್ಯಾನುಯಲ್ ನೋಡಿ. ಅರ್ಧ ತುಂಬಿದ ಟ್ಯಾಂಕ್ ಅಡ್ಡ ಇಳಿಜಾರಿನಲ್ಲಿ ಕುಲುಕಿದರೆ ಗಾಡಿ ಮಗುಚಬಹುದು, ಮೇಲೆ ಕೂತವರಿಗೆ ಗೊತ್ತಾಗುವ ವಾಲು ದೂರ ನಿಂತವರಿಗೆ ಗೊತ್ತಾಗುವುದಿಲ್ಲ. ಒಳಗೆ ಅಡ್ಡ ತಡೆಗಳಿರುವ ಟ್ಯಾಂಕ್ ಹಾಕಿ, ಬೋರ್ಡಿನ ವಾಲುಕೋನವನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸಿ.